ಚೆಲುವಕ್ಕನ ನಾಲಿಗೆಯಲ್ಲಿ ಕೈಬಿಟ್ಟವರು

ಒಂಬತ್ತು ವರ್ಷ ಮಾತು ಬಿಟ್ಟಿದ್ದ ನನ್ನ ವಾರಗಿತ್ತಿ ಚೆಲುವಾಂಬ ಒಂದು ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಬಂದು, ನನ್ನ ಮೇಜಿನೆದುರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತು, ನಾಲಿಗೆ ಚಾಚಿದಳು. ನಾನೂ ಚಾಚಿದೆ. ಬೆಂಚಿನ ಮೇಲೆ ಕೂತಿದ್ದ ರೋಗಿಗಳಲ್ಲಿ ಒಬ್ಬರಿಗೂ ಆಶ್ಚರ್ಯವಾಗಲಿಲ್ಲ. ನಮ್ಮಿಬ್ಬರ ಜಗಳ ಊರಿಗೆಲ್ಲ ಗೊತ್ತಿದ್ದದ್ದೇ. ಮುಂದೇನಾಗುತ್ತೆ ನೋಡೋಣ ಅಂತ ಜ್ವರದವರೂ ಎದ್ದು ಕೂತರು. ಆದರೆ ಅವಳು ಚಾಚಿದ್ದನ್ನು ಒಳಗೆ ಎಳೆದುಕೊಳ್ಳಲಿಲ್ಲ. ಬೆರಳಿನಿಂದ ಎಡಗಡೆಯ ಅಂಚನ್ನು ತೋರಿಸಿದಳು. ಅಲ್ಲಿ ತೊಗರಿಬೇಳೆಯಷ್ಟು ಒಂದು ಹುಣ್ಣು, ಅಂಚು ಗಟ್ಟಿಯಾಗಿ, ನಡುವೆ ಬೆಳ್ಳಗೆ. ನಾನು ನನ್ನ ನಾಲಿಗೆಯನ್ನು ಮೆಲ್ಲಗೆ ಒಳಕ್ಕೆಳೆದುಕೊಂಡೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಮೈ ಮಾತಾಡುತ್ತದೆ. ಎಲ್ಲರ ಮೈಯೂ. ಹೊಟ್ಟೆ, ಕರುಳು, ಹೃದಯದಂಥ ದೊಡ್ಡವುಗಳ ಮಾತು ಹತ್ತಿರ ನಿಂತ ಯಾರಿಗಾದರೂ ಕೇಳುತ್ತದೆ. ಅವುಗಳ ಒಳಗೆ ಕೋಟಿಗಟ್ಟಲೆ ಇರುವ ಸಣ್ಣವರ ಮಾತು ಕೇಳಬೇಕಾದರೆ ಕಿವಿಗೆ ಹಚ್ಚಿ ಕೇಳುವ ಹಿತ್ತಾಳೆಯ ಆಲಿಕೆ ಬೇಕು, ಅದಕ್ಕೆ ಹೊಂದುವ ಕಿವಿ ಬೇಕು. ಆ ಸಣ್ಣವರಿಗೆ ನಾವು ಒಳಗಿನವರು ಅನ್ನುತ್ತೇವೆ. ಒಳಗಿನವರು ಆಡುವುದು ಅವರಿರುವ ಮೈಯ ಯಜಮಾನರ ಭಾಷೆಯನ್ನೇ, ಅದೇ ರಾಗ, ಅದೇ ಬೈಗುಳ. ತಮಾಷೆಯೆಂದರೆ ಯಾರ ಮೈ ಅವರಿಗೆ ಕೇಳುವುದಿಲ್ಲ. ಬಾಯಿಯ ವಾಸನೆ ಇದ್ದ ಹಾಗೆ, ಊರಿಗೆಲ್ಲ ಗೊತ್ತು, ಇಟ್ಟುಕೊಂಡವರಿಗೆ ಮಾತ್ರ ಇಲ್ಲ.

ಇದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೇವೆ. ನಮ್ಮೂರಲ್ಲಿ ನೆಂಟರು 'ಊಟ ಆಗಿದೆ, ಏನೂ ಬೇಡ' ಅನ್ನುವ ಕಷ್ಟಕ್ಕೆ ಹೋಗುವುದಿಲ್ಲ, ನೇರವಾಗಿ ಎಲೆಯ ಮುಂದೆ ಕೂರುತ್ತಾರೆ. ಗಂಡ ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುತ್ತಾರೆ, ಅದಕ್ಕೇ ಸಂಸಾರಗಳು ಉಳಿದಿವೆ. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಅಷ್ಟು ಜೋರಾಗಿ ಜಾಗಟೆ ಹೊಡೆಯುವುದು ಭಕ್ತಿಗಲ್ಲ, ಪುಳಿಯೋಗರೆಯ ಕೊಪ್ಪರಿಗೆ ಕಂಡು ನೂರು ಹೊಟ್ಟೆಗಳು ಒಟ್ಟಿಗೆ ಆಡುವ ಮಾತು ದೇವರ ಕಿವಿಗೆ ಬೀಳದಿರಲಿ ಅಂತ. ನಾನು ಆ ಹೊತ್ತಿಗೆ ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯಲ್ಲಿ ಆಲಿಕೆ ಹಿಡಿಯುತ್ತಿದ್ದವಳು. ಕೇಳಿದ್ದನ್ನು ಡಾಕ್ಟರಿಗೆ ಹೇಳಬೇಕು, ರೋಗಿಗೆ ಹೇಳಬೇಕು, ಮೂರನೆಯವರಿಗೆ ಹೇಳಬಾರದು. ಇದೊಂದೇ ನಿಯಮ. ಅದನ್ನು ನಾನು ಒಂದು ಸಲ ಮುರಿದೆ, ಮುರಿದದ್ದು ಚೆಲುವಕ್ಕನ ಎದುರಿಗೆ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಭಾವ ತೀರಿಹೋದ ಮೇಲೆ ತರಕಾರಿ ಮಂಡಿಯಲ್ಲಿ ಹರಾಜು ಕೂಗುವ ಕೆಲಸ ಹಿಡಿದಳು. ಅಂಥ ನಾಲಿಗೆ ಈ ಊರು ಅದಕ್ಕೆ ಮೊದಲು ಕಂಡಿರಲಿಲ್ಲ. ಬೀನ್ಸಿನ ಮೂಟೆ ಗಾಡಿಯಿಂದ ಇಳಿದು ನೆಲ ಮುಟ್ಟುವುದರೊಳಗೆ ಮೂರು ಸಲ ಕೂಗಿ ಮಾರಿಬಿಡುತ್ತಿದ್ದಳು. ಒಂದು ಮಧ್ಯಾಹ್ನ ಇಬ್ಬರೂ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ, ಬಾಯಿ ತಡೆಯದೆ ನಾನು ಒಂದು ವಿಷಯ ಹೇಳಿದೆ. ಮಂಡಿಯ ಅಧ್ಯಕ್ಷರು ಇಪ್ಪತ್ತು ವರ್ಷದಿಂದ ಶನಿವಾರ ನಿರಾಹಾರ ಅಂತ ಊರೆಲ್ಲ ಕೈ ಮುಗಿಯುತ್ತಿತ್ತು. ಅವರು ತಪಾಸಣೆಗೆ ಬಂದಾಗ ಅವರ ಜಠರದ ಒಳಗಿನವರು ಶನಿವಾರ ಬೆಳಿಗ್ಗೆ ಎಂಟಕ್ಕೆ ಇಳಿದ ಆರು ಉದ್ದಿನವಡೆಯನ್ನು ನೆನೆಸಿಕೊಂಡು ಹಾಡಿ ಹೊಗಳುತ್ತಿದ್ದರು. ಇಷ್ಟೇ. ಮಾರನೆಯ ದಿನ ಅಧ್ಯಕ್ಷರು ಯಾವುದೋ ಹೆಂಗಸಿನ ಟೊಮೇಟೊ ಕೊಳೆತಿದೆ ಅಂದರಂತೆ. ಚೆಲುವಕ್ಕ ಹರಾಜಿನ ಕಟ್ಟೆಯ ಮೇಲಿಂದಲೇ, "ಟೊಮೇಟೊ ಒಳಗೆ ಏನಿದೆ ಅಂತ ಆಮೇಲೆ ನೋಡೋಣ ಸ್ವಾಮಿ, ಶನಿವಾರ ನಿಮ್ಮ ಹೊಟ್ಟೆ ಒಳಗೆ ಏನಿತ್ತು ಹೇಳ್ಲಾ? ಒಂದನೇ ಸಲ ಆರು ವಡೆ, ಎರಡನೇ ಸಲ ಆರು ವಡೆ!" ಅಂತ ಕೂಗಿಬಿಟ್ಟಳು. ಮಂಡಿ ಬಿದ್ದು ಬಿದ್ದು ನಕ್ಕಿತು. ನನ್ನನ್ನು ಒಂದು ವರ್ಷ ಕೆಲಸದಿಂದ ತೆಗೆದು ಮನೆಯಲ್ಲಿ ಕೂರಿಸಿದರು. ಅವಳು ಒಂದು ಸಲವೂ ತಪ್ಪಾಯ್ತು ಅನ್ನಲಿಲ್ಲ. "ನಿಜ ತಾನೇ ಹೇಳಿದ್ದು?" ಅಂದಳು. ಅಲ್ಲಿಗೆ ಮಾತು ನಿಂತಿತು.

ಈಗ ಅದೇ ನಾಲಿಗೆ ನನ್ನ ಮುಂದಿತ್ತು. ಆಲಿಕೆಯ ಸಣ್ಣ ಮೂತಿಯನ್ನು ಬಿಸಿನೀರಲ್ಲಿ ಅದ್ದಿ ಒರೆಸಿ ಮೊದಲು ಬಲಗಡೆಗೆ ಇಟ್ಟೆ. ನೆಟ್ಟಗಿರುವ ನಾಲಿಗೆಯ ಸದ್ದು ಅಲ್ಲಿತ್ತು. ಒಳಗಿನವರು ಒಂದು ಚಾಪೆಯ ಮೇಲೆ ಸಾಲಾಗಿ ಕೂತು ಅಕ್ಕಪಕ್ಕದವರ ಕೈ ಹಿಡಿದುಕೊಂಡಿರುತ್ತಾರೆ. 'ಹಿಡ್ಕೊಂಡಿದ್ದೀಯಾ?' 'ಹಿಡ್ಕೊಂಡಿದ್ದೀನಿ.' 'ನೀನು?' 'ನಾನೂ.' ದಿನವೆಲ್ಲ ಇದೇ. ಇದಕ್ಕಿಂತ ಬೇಜಾರಿನ ಮಾತುಕತೆ ಪ್ರಪಂಚದಲ್ಲಿಲ್ಲ. ಅದನ್ನು ಕೇಳಿದಾಗೆಲ್ಲ ನನಗೆ ಜೀವ ತಂಪಾಗುತ್ತದೆ.

ಆಮೇಲೆ ಎಡಗಡೆ, ಹುಣ್ಣಿನ ಮೇಲೆ.

'ಬಿಡೇ ಕೈ, ಎಷ್ಟೊತ್ತು ಹಿಡ್ಕೊಂಡು ಕೂರೋದು?'

'ಬಿಟ್ರೆ ಸತ್ತೋಗ್ತೀವಿ ಅಂತಾರೆ.'

'ಅಂತಾರೆ. ನಾನು ಬಿಟ್ಟು ಆರು ವಾರ ಆಯ್ತು. ಸತ್ತಿದ್ದೀನಾ?'

ಅದರ ಕೆಳಗೆ ಇನ್ನೊಂದು ಸದ್ದು. ಕರ್, ಕರ್, ಕರ್. ಯಾರೋ ಚಾಪೆ ಕತ್ತರಿಸುತ್ತಿದ್ದರು. ಅದರ ಎಳೆ ಬಹಳ ಗಟ್ಟಿ, ಕೈಯಲ್ಲಿ ಹರಿಯುವಂಥದ್ದಲ್ಲ. ಕೈಬಿಟ್ಟವರು ಚಾಪೆಗೆ ಸಣ್ಣ ಕಾಲೊಂದನ್ನು ಚುಚ್ಚುತ್ತಾರೆ, ಕಾಲಿನ ತುದಿಯಿಂದ ಕತ್ತರಿ ಇಳಿಬಿಡುತ್ತಾರೆ. ಆ ಕತ್ತರಿಯ ಸದ್ದು ಇಪ್ಪತ್ತೆರಡು ವರ್ಷದಲ್ಲಿ ನಾನು ಮೂವತ್ತೊಂದು ಸಲ ಕೇಳಿದ್ದೆ. ತಡವಾಗಿ ಬಂದವರಲ್ಲಿ ಹೆಚ್ಚಿನವರು ಈಗಿಲ್ಲ.

ನಿಜ ಹೇಳಿಬಿಡುತ್ತೇನೆ. ಆ ಸದ್ದು ಕೇಳಿದ ಮೊದಲ ಗಳಿಗೆ ನನಗೆ ಖುಷಿಯಾಯಿತು. ಒಂದೇ ಗಳಿಗೆ, ಸಾಸಿವೆ ಸಿಡಿಯುವಷ್ಟು ಹೊತ್ತು. 'ಆ ನಾಲಿಗೆಗೆ ತಕ್ಕ ಶಾಸ್ತಿ' ಅಂತ ಮನಸ್ಸು ಅಂದಿತು. ಮರುಗಳಿಗೆ ಆಲಿಕೆ ಜಾರಿ ಅವಳ ಹಲ್ಲಿಗೆ ತಾಗಿತು.

"ಏನಂತಾರೆ?" ಅಂದಳು ಚೆಲುವಕ್ಕ. ಒಂಬತ್ತು ವರ್ಷದ ಮೇಲೆ ಅವಳು ನನಗಾಡಿದ ಮೊದಲ ಮಾತು.

"ಹೊಗೆಸೊಪ್ಪು ಹಾಕ್ತೀಯ ಅಂತ ಬಯ್ತಿದ್ದಾರೆ."

"ಸುಳ್ಳು ಬೊಗಳಬೇಡ. ನಿನ್ನ ಹೊಟ್ಟೆ ಆಗಲೇ ಅಯ್ಯೋ ಅಯ್ಯೋ ಅಂತ ಬಡ್ಕೊಳ್ತಿದೆ, ಬೆಂಚಿಗೆಲ್ಲ ಕೇಳಿಸ್ತು."

ಬೆಂಚಿನವರು ಹೌದೆಂದು ತಲೆಯಾಡಿಸಿದರು.

ಅವಳನ್ನು ಡಾಕ್ಟರ್ ಐರಿನ್ ಹತ್ತಿರ ಕರೆದುಕೊಂಡು ಹೋದೆ. ಐರಿನ್ ಹೊರಗಿನಿಂದ ಬಂದ ಸರ್ಜನ್, ಮೈಗಳು ಬಾಯಿ ಮುಚ್ಚಿಕೊಂಡಿರುವ ಊರಿನವರು. ಬಂದ ಹೊಸದರಲ್ಲಿ ಮೂರು ತಿಂಗಳು ಕಿವಿಗೆ ಹತ್ತಿ ತುರುಕಿಕೊಂಡೇ ಓಡಾಡಿದರು. ನಮ್ಮ ಆಲಿಕೆಯನ್ನು ಮೂಢನಂಬಿಕೆ ಅಂದರು. ಆಮೇಲೆ ಒಬ್ಬ ರೋಗಿಯ ಪಿತ್ತಕೋಶ ಐರಿನ್ ಹೆಸರು ಹಿಡಿದು ಅವರ ಓದನ್ನು ಹೀಯಾಳಿಸಿದ್ದು ಅವರಿಗೇ ಕೇಳಿಸಿತು. ಅಂದಿನಿಂದ ನಾನು ಹೇಳಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ, ಪಕ್ಕದಲ್ಲಿ ತಮ್ಮ ಶಾಸ್ತ್ರದ ಹೆಸರನ್ನೂ ಬರೆಯುತ್ತಾರೆ.

"ಕೈ ಬಿಟ್ಟಿದ್ದಾರೆ ಡಾಕ್ಟ್ರೇ," ಅಂದೆ.

"ಕ್ಯಾಡ್ಹೆರಿನ್," ಅಂತ ಬರೆದುಕೊಂಡರು. "ಕೋಶಗಳನ್ನ ಒಂದಕ್ಕೊಂದು ಅಂಟಿಸೋ ಪ್ರೋಟೀನು. ಅದು ಮೊದಲು ಹೋಗುತ್ತೆ."

"ಹೆಸರು ಏನಾದ್ರೂ ಇರಲಿ, ಬಿಟ್ಟಾಗಿದೆ. ಕತ್ತರಿಯೂ ನಡೀತಿದೆ."

"ಆ ಕತ್ತರಿ ಒಂದು ಕಿಣ್ವ ಇಂದ್ರಾಣಿಯವರೇ. ಅದರ ಬಾಯೊಳಗೆ ಸತುವಿನ ಒಂದು ಕಣ ಇರುತ್ತೆ, ಅದಿಲ್ಲದೆ ಅದು ಕತ್ತರಿಸೋದೇ ಇಲ್ಲ."

ಚೆಲುವಕ್ಕ ಇಬ್ಬರನ್ನೂ ನೋಡಿ, "ನನ್ನ ಬಾಯೊಳಗೆ ಪಾತ್ರೆ ಅಂಗಡಿ ಇಟ್ಟಿದ್ದಾರಾ?" ಅಂದಳು.

ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಐದನೆಯ ದಿನ ವರದಿ ಬಂತು. ಐರಿನ್ ಅವಳನ್ನು ಕೂರಿಸಿಕೊಂಡು ಸುತ್ತಿ ಬಳಸದೆ ಹೇಳಿದರು. ನಾಲಿಗೆಯ ಎಡಗಡೆ ಮೂರರಲ್ಲೊಂದು ಪಾಲು ತೆಗೆಯಬೇಕು, ಕುತ್ತಿಗೆಯ ಗಂಟುಗಳನ್ನೂ ತೆಗೆಯಬೇಕು. ಬೇಗ ತೆಗೆದರೆ ಬದುಕುತ್ತೀರಿ.

"ಮಾತು?" ಅಂದಳು ಚೆಲುವಕ್ಕ.

"ಬರುತ್ತೆ. ಈಗಿನ ಹಾಗಲ್ಲ."

ಚೆಲುವಕ್ಕ ಐರಿನ್ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದಳು. "ನನ್ನ ಬಾಯಿ ಮುಚ್ಚಿಸೋಕೆ ಒಂಬತ್ತು ವರ್ಷ ಕಾದೆಯಲ್ಲೇ. ಭೇಷ್!" ಅಂದು ಎದ್ದು ಹೋದಳು.

ಸಾಸಿವೆ ಸಿಡಿಯುವಷ್ಟು ಹೊತ್ತಿನ ಆ ಖುಷಿ ಎಲ್ಲಿ ನನ್ನ ಹೊಟ್ಟೆಯಿಂದ ಕೇಳಿಬಿಡುತ್ತದೋ ಅನ್ನುವ ಭಯದಲ್ಲಿ ನಾನು ಮೂಲೆಯಲ್ಲಿದ್ದ ಕೊಡೆಯನ್ನು ಹೊಟ್ಟೆಗೆ ಅವಚಿಕೊಂಡು ನಿಂತಿದ್ದೆ.

ಮುಂದಿನ ಸೋಮವಾರ ನಾನೇ ಆಲಿಕೆ ತಗೊಂಡು ಮಂಡಿಗೆ ಹೋದೆ. ಬೆಳಗಿನ ಹರಾಜು ನಡೆಯುತ್ತಿತ್ತು. ಚೆಲುವಕ್ಕ ಕಟ್ಟೆಯ ಮೇಲೆ ಬೋರಲು ಹಾಕಿದ ಟೊಮೇಟೊ ಕ್ರೇಟಿನ ಮೇಲೆ ನಿಂತಿದ್ದಳು. ನನ್ನನ್ನು ಕಂಡವಳೇ, "ಬಂದಳು ನೋಡ್ರಪ್ಪ, ನನ್ನ ನಾಲಿಗೆ ಕೊಳ್ಳೋಕೆ! ಎಡಗಡೆ ಮೂರನೇ ಒಂದು ಪಾಲು, ಸ್ವಲ್ಪ ಹುಳುಕು, ಕೂಗಿ ಯಾರಾದ್ರೂ!" ಅಂತ ಕೂಗಿದಳು. ವ್ಯಾಪಾರಿಗಳು ನಕ್ಕರು. ನಾನು ಕಟ್ಟೆ ಹತ್ತಿ ಅವಳ ಮುಂದೆ ನಿಂತೆ. ಅವಳು ನಾಲಿಗೆ ಚಾಚಿದಳು. ಬೈದರೂ ಚಾಚಿದಳು. ಒಳಗೆ ಏನು ನಡೆದಿದೆ ಅಂತ ತಿಳಿಯುವ ಆಸೆ ಅವಳಿಗೂ ಇತ್ತು. ಮಾರ್ಕೆಟ್ಟಿನವಳು, ಸುದ್ದಿಯಿಲ್ಲದೆ ಇರಲಾರಳು.

"ಏನು ಇವತ್ತಿನ ರೇಟು?" ಅಂದಳು.

ಚಾಪೆ ಹರಿದಿತ್ತು. ಆಚೆ ಕಡೆ ಹಗ್ಗಗಳ ಬಲೆ ಇದೆ. ಅಲ್ಲಿ ಗಾಯ ಮುಚ್ಚುವ, ನೇಯುವ, ಹೊಲಿಯುವ ಒಳಗಿನವರಿದ್ದಾರೆ. ಒಳ್ಳೆಯ ಜನ, ಮಾತು ಕಡಿಮೆ. ಕೈಬಿಟ್ಟವರು ಅವರನ್ನು ಹೇಗೋ ಒಲಿಸಿಕೊಂಡಿದ್ದರು. ಈಗ ಅವರೇ ಹಗ್ಗಗಳನ್ನು ಎಳೆದು, ಹೊಸೆದು, ನೆಟ್ಟಗೆ ಮಾಡಿಕೊಡುತ್ತಿದ್ದರು. 'ಬಿಗಿಯಾಗಿ ಎಳಿ, ಮೇಲೆ ನಡ್ಕೊಂಡು ಹೋಗ್ಬೇಕಂತೆ ಅವ್ರು.' ಇನ್ನು ಕಾವಲಿಗಿರುವ ದಪ್ಪನೆಯವರು, ಕಸ ಕೊಳೆ ಕಂಡರೆ ನುಂಗುವವರು, ಅವರೂ ಕತ್ತರಿಯವರ ಜೊತೆ ಕೊಡುಕೊಳ್ಳುವಿಕೆಗೆ ಇಳಿದಿದ್ದರು. 'ನಿಮಗೆ ಬೇಕಾದ್ದು ನಾವು ಕೊಡ್ತೀವಿ, ನಮಗೆ ಬೇಕಾದ್ದು ನೀವು ಕೊಡಿ, ಹಿಂದೆಯೇ ಬನ್ನಿ.'

ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಚೆಲುವಕ್ಕನಿಗೆ ಒಂದಕ್ಷರವೂ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. "ರಸ್ತೆ ಮಾಡಿಸ್ಕೊಂಡ್ರು, ವಾಚ್‌ಮನ್‌ನ ಬುಟ್ಟಿಗೆ ಹಾಕ್ಕೊಂಡ್ರು. ನನ್ನ ಬಾಯಲ್ಲೂ ದಲ್ಲಾಳಿಗಳು ಬಂದ್ರು ಅನ್ನು," ಅಂದಳು. ನಕ್ಕಳು. ನಗುವಾಗ ನೋವಾಗಿ ಕೆನ್ನೆ ಹಿಡಿದುಕೊಂಡಳು. ಆಮೇಲೆ ನನಗೆ ಬೆನ್ನು ಹಾಕಿ ಹೂಕೋಸು ಕೂಗಲು ಶುರು ಮಾಡಿದಳು.

ಐರಿನ್‌ಗೆ ಬಂದು ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. "ಒಂದು ವಿಚಿತ್ರ ಹೇಳ್ಲಾ ಇಂದ್ರಾಣಿಯವರೇ? ಈ ಕೋಶಗಳು ಹೊಸದಾಗಿ ಏನೂ ಕಲಿತಿಲ್ಲ. ತಾಯಿ ಹೊಟ್ಟೆಯಲ್ಲಿ ಮಗು ರೂಪ ತಾಳುವಾಗ ಕೋಶಗಳು ಹೀಗೇ ಕೈ ಬಿಟ್ಟು, ನಡೆದು, ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ಆ ಹಳೇ ವಿದ್ಯೆ ಎಲ್ಲದರೊಳಗೂ ಮಡಿಸಿಟ್ಟಿರುತ್ತೆ. ಇವು ಅದನ್ನ ಬಿಚ್ಚಿಕೊಂಡಿವೆ, ಅಷ್ಟೇ."

"ಅಂದ್ರೆ ಅವಳ ಬಾಯಿ ಹುಟ್ಟಿದಾಗಿಂದ ಹೀಗೇ ಅನ್ನಿ," ಅಂದೆ. ಐರಿನ್ ನಗಲಿಲ್ಲ.

"ಎಷ್ಟು ದಿನ ಇದೆ?" ಅಂತ ಕೇಳಿದೆ.

"ನರ ಸಿಗೋ ತನಕ. ನರದ ಗುಂಟ ಹೊರಟರೆ ನನಗೂ ಕಷ್ಟ."

ಅದರ ಮುಂದಿನ ಸೋಮವಾರ ಮತ್ತೆ ಹೋದೆ. ಹುಣ್ಣು ಈಗ ಹುಣಸೆಬೀಜದಷ್ಟಾಗಿತ್ತು. ಚೆಲುವಕ್ಕನ ಕೂಗು ಒಂದೊಂದು ಕಡೆ ತೊದಲುತ್ತಿತ್ತು. ವ್ಯಾಪಾರಿಗಳು ಕೇಳಿಸದವರ ಹಾಗೆ ನಟಿಸುತ್ತಿದ್ದರು. ಅವರಲ್ಲಿ ಒಬ್ಬಿಬ್ಬರು ಅವಳಿಗೆ ಮೊಸರು ತಂದಿಟ್ಟಿದ್ದರು. ಆಲಿಕೆ ಇಟ್ಟೆ. ಮೊದಲು ಏನೂ ಸ್ಪಷ್ಟವಾಗಲಿಲ್ಲ, ಬರೀ ಗದ್ದಲ. ಆಮೇಲೆ ಒಂದು ದನಿ, ಎಲ್ಲರಿಗಿಂತ ಮುಂದೆ, ಚೆಲುವಕ್ಕನ ಹರಾಜಿನ ರಾಗದಲ್ಲೇ.

'ಬನ್ರೋ, ಬನ್ರೋ, ಇಲ್ಲೊಂದು ನರ ಇದೆ. ಒಳ್ಳೇ ಪರಿಮಳ. ಇದರ ಪಕ್ಕ ಹಿಡ್ಕೊಂಡು ಹೋದ್ರೆ ದವಡೆ, ದವಡೆ ದಾಟಿದ್ರೆ ತಲೆ. ಒಂದನೇ ಸಲ ಕರೀತಿದ್ದೀನಿ, ಎರಡನೇ ಸಲ!'

ನಾನು ಆಲಿಕೆ ತೆಗೆದು ಪಕ್ಕದ ಕ್ರೇಟಿನ ಮೇಲೆ ಕೂತುಬಿಟ್ಟೆ.

"ಏನಂತೆ?" ಅಂದಳು.

"ಅವರಿಗೆ ದಾರಿ ಸಿಕ್ಕಿದೆ ಅಕ್ಕ. ನಡಿ. ಇವತ್ತೇ ನಡಿ."

"ನಾನು ಬರಲ್ಲ."

"ಸತ್ತೋಗ್ತೀಯ."

"ನೀನು ಹೇಳಿದ್ದು ಅಂತ ನಂಬ್ಲಾ? ನನ್ನ ಮೈ ನನಗೆ ಕೇಳಲ್ಲ. ನೀನು ಏನು ಹೇಳಿದ್ರೆ ಅದೇ ಅಲ್ವಾ? ಆ ಡಾಕ್ಟ್ರಮ್ಮ ಕೂಡ ನಿನ್ನ ಮಾತು ಕೇಳ್ಕೊಂಡು ಬರೀತಾಳೆ. ಒಂದು ವರ್ಷ ಮನೇಲಿ ಕೂತು ನನ್ನ ನಾಲಿಗೆ ಸೇದಿಹೋಗ್ಲಿ ಅಂತ ದೇವರಿಗೆ ಹರಕೆ ಹೊತ್ತಿದ್ದೆಯಂತೆ. ಹೌದೋ ಅಲ್ವೋ?"

ಹೌದು, ಹೊತ್ತಿದ್ದೆ. ಹನ್ನೊಂದು ತೆಂಗಿನಕಾಯಿ. ಯಾರು ಹೇಳಿದರೋ ಏನೋ.

ಬಾಯಲ್ಲಿ ವಾದ ಮಾಡಿ ಅವಳನ್ನು ಗೆಲ್ಲುವುದು ಸಾಧ್ಯವಿರಲಿಲ್ಲ. ಮಂಡಿಯಲ್ಲಿ ಯಾರೂ ಯಾವತ್ತೂ ಗೆದ್ದಿರಲಿಲ್ಲ. ನಾನು ಎದ್ದು ಆಲಿಕೆಯನ್ನು ಅವಳ ಕೈಗೆ ಕೊಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಆ ಆಲಿಕೆ ಇನ್ನೊಬ್ಬರ ಕೈಗೆ ಹೋಗಿರಲಿಲ್ಲ. ಸೆರಗು ಸರಿಸಿ, "ಕೇಳು," ಅಂದೆ. "ನನ್ನ ಹೊಟ್ಟೆ ಕೇಳು. ನಾನು ಸುಳ್ಳು ಹೇಳಬಹುದು, ಅದು ಹೇಳಲ್ಲ. ಅಲ್ಲಿ ಏನೇನಿದೆಯೋ ನನಗೂ ಗೊತ್ತಿಲ್ಲ. ನಿನಗೆ ಬೇಕಾದ್ರೆ ಕೂಗಿ ಹೇಳು ಎಲ್ಲರಿಗೂ."

ಚೆಲುವಕ್ಕ ಕೈಯೆತ್ತಿದಳು. ಮಂಡಿಯ ಗದ್ದಲ ನಿಂತಿತು. ಮೂಟೆ ಹೊತ್ತವರು ಹೊತ್ತಲ್ಲೇ ನಿಂತರು. ಬೆಳಗಿನ ತಿಂಡಿಗೆ ಹಸಿದ ಅರವತ್ತು ಹೊಟ್ಟೆಗಳ ಗುಸುಗುಸು ಮಾತ್ರ ಉಳಿಯಿತು. ಅವಳು ಮಂಡಿಯೂರಿ ನನ್ನ ಹೊಟ್ಟೆಗೆ ಆಲಿಕೆ ಇಟ್ಟು, ಅದರ ಇನ್ನೊಂದು ತುದಿಗೆ ಕಿವಿ ಕೊಟ್ಟಳು. ಕೇಳಿದಳು. ಒಂದು ಸಲ ಹುಬ್ಬು ಗಂಟಿಕ್ಕಿದಳು. ಒಂದು ಸಲ ತುಟಿಯ ಮೂಲೆಯಲ್ಲಿ ನಗು ಬಂತು. ಆಮೇಲೆ ಬಹಳ ಹೊತ್ತು ಅಲುಗಾಡಲೇ ಇಲ್ಲ. ನನಗೆ ಕಾಣುತ್ತಿದ್ದದ್ದು ಅವಳ ಬೈತಲೆ ಮಾತ್ರ, ಕೂದಲು ಆ ವರ್ಷ ಪೂರ್ತಿ ಬೆಳ್ಳಗಾಗಿತ್ತು.

ಎದ್ದು ನಿಂತಾಗ ಅವಳ ಮುಖ ಕೆಂಪಾಗಿತ್ತು. ಮಂಡಿ ಉಸಿರು ಹಿಡಿದು ಕಾಯುತ್ತಿತ್ತು. ನಾನೂ ಕಾಯುತ್ತಿದ್ದೆ, ಅವಳು ಕೂಗುತ್ತಾಳೆ ಅಂತ.

"ಉಳಿದ ಈರುಳ್ಳಿ ಯಾರಾದ್ರೂ ಕೂಗ್ಕೊಳ್ಳಿ," ಅಂದಳು. "ನಾನು ಆಸ್ಪತ್ರೆಗೆ ಹೊರಟೆ."

ಏನು ಕೇಳಿಸಿತು ಅಂತ ದಾರಿಯುದ್ದಕ್ಕೂ ಕೇಳಿದೆ. ಹೇಳಲಿಲ್ಲ. ಇವತ್ತಿನ ತನಕ ಹೇಳಿಲ್ಲ.

ಆಪರೇಷನ್ ಬುಧವಾರ ಬೆಳಿಗ್ಗೆ. ಐರಿನ್ ನನ್ನನ್ನೂ ಒಳಗೆ ಕರೆದರು. ಹಸಿರು ಟೋಪಿ ಹಾಕಿಸಿ, ಆಲಿಕೆಯನ್ನು ಸೂಜಿ ಕತ್ತರಿಗಳ ಜೊತೆ ಕುದಿಸಿ ಕೊಟ್ಟರು. ಚೆಲುವಕ್ಕನಿಗೆ ಎಚ್ಚರ ತಪ್ಪಿಸಿದ್ದರು, ಒಳಗಿನವರಿಗೆ ತಪ್ಪಿರಲಿಲ್ಲ. ಐರಿನ್ ಹುಣ್ಣಿನ ಸುತ್ತ ಒಂದು ಬೆರಳಗಲ ಒಳ್ಳೆಯ ಜಾಗವನ್ನೂ ಸೇರಿಸಿ ಕೊಯ್ದು ತೆಗೆದರು. ಅಂಚಿನಿಂದ ಚೂರುಗಳನ್ನು ಪಕ್ಕದ ಕೋಣೆಗೆ ಕಳಿಸಿದರು, ಅಲ್ಲಿ ಅದನ್ನು ಹೆಪ್ಪುಗಟ್ಟಿಸಿ ಆಗಲೇ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ. ಇಪ್ಪತ್ತು ನಿಮಿಷಕ್ಕೆ ಉತ್ತರ ಬಂತು: ಅಂಚು ಶುದ್ಧ.

"ನೀವೂ ಒಂದು ಸಲ ಕೇಳಿಬಿಡಿ," ಅಂದರು ಐರಿನ್.

ಉಳಿದ ನಾಲಿಗೆಯ ಅಂಚಿನ ಗುಂಟ ಕೂದಲೆಳೆಯಷ್ಟು ಸರಿಸುತ್ತ ಕೇಳುತ್ತ ಹೋದೆ. 'ಹಿಡ್ಕೊಂಡಿದ್ದೀಯಾ?' 'ಹಿಡ್ಕೊಂಡಿದ್ದೀನಿ.' ಮುಂದೆ, ಇನ್ನೂ ಮುಂದೆ. 'ಏನಾಯ್ತೇ ಪಕ್ಕದಲ್ಲಿ, ಇಷ್ಟು ಬೆಳಕು?' 'ಸುಮ್ನೆ ಕೈ ಹಿಡ್ಕೋ.' ಎಲ್ಲ ಸರಿಯಾಗಿತ್ತು. ಆಲಿಕೆ ಎತ್ತಬೇಕು ಅನ್ನುವಷ್ಟರಲ್ಲಿ, ಆಳದಲ್ಲಿ, ಅಂಚಿಗಿಂತ ಎರಡು ಅಕ್ಕಿಕಾಳಿನಷ್ಟು ಹಿಂದೆ, ಯಾರೋ ಏದುಸಿರು ಬಿಡುತ್ತಿದ್ದರು.

'ತಳ್ರೋ ಹಿಂದಿಂದ.'

'ತಳ್ತಾನೇ ಇದ್ದೀವಿ.'

'ಹೊಟ್ಟೆ ಸಿಕ್ಕೊಂಡಿದೆ. ಮೈಯೆಲ್ಲ ಬಂತು, ಹೊಟ್ಟೆ ಮಾತ್ರ ಬರ್ತಿಲ್ಲ.'

'ತಿನ್ನುವಾಗ ಗೊತ್ತಾಗ್ಲಿಲ್ವಾ?'

ಮೂರು ಜನ, ಒಬ್ಬರ ಹಿಂದೆ ಒಬ್ಬರು, ನರದ ಹೊದಿಕೆಯ ಸಂದಿಯಲ್ಲಿ. ನಾನು ನಕ್ಕುಬಿಟ್ಟೆ. ಆಪರೇಷನ್ ಥಿಯೇಟರಿನಲ್ಲಿ, ಟೋಪಿ ಮಾಸ್ಕು ಹಾಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವರು ಥೇಟ್ ಚೆಲುವಕ್ಕನ ಹಾಗೆ ಜಗಳವಾಡುತ್ತಿದ್ದರು. ಅವಳದ್ದೇ ಅಲ್ಲವೇ, ಇನ್ನು ಹೇಗೆ ಆಡುತ್ತಾರೆ.

"ಏನು?" ಅಂದರು ಐರಿನ್.

"ಇನ್ನೂ ಮೂವರಿದ್ದಾರೆ. ನರದ ಪಕ್ಕ. ಮುಂದಿನವನ ಹೊಟ್ಟೆ ಸಿಕ್ಕಿಕೊಂಡಿದೆಯಂತೆ."

"ನ್ಯೂಕ್ಲಿಯಸ್," ಅಂದರು, ಪುಸ್ತಕ ಓದುವವರ ಹಾಗೆ. "ಕೋಶದಲ್ಲಿ ಅದೇ ಗಟ್ಟಿ ಭಾಗ. ಉಳಿದದ್ದೆಲ್ಲ ಹೇಗೆ ಬೇಕಾದ್ರೂ ಬಾಗುತ್ತೆ, ಅದು ಬಾಗಲ್ಲ." ಅವರ ಕೈ ಗಾಳಿಯಲ್ಲೇ ನಿಂತಿತ್ತು. "ಲ್ಯಾಬಿನವರು ಶುದ್ಧ ಅಂದಿದ್ದಾರೆ. ನೀವು ಹೇಳೋ ಜಾಗ ತೆಗೆದ್ರೆ ಆ ನರ ಹೋಗುತ್ತೆ. ಅರ್ಧ ನಾಲಿಗೆ ಹೋದ ಹಾಗೆ. ಎಡಗಡೆ ರುಚಿ, ಸ್ಪರ್ಶ ಏನೂ ಉಳಿಯಲ್ಲ. ಮಾತೂ ಇನ್ನಷ್ಟು ಹೋಗುತ್ತೆ. ನಿಮಗೆ ಖಂಡಿತಾನಾ?"

ಆ ನಾಲಿಗೆ ಸೇದಿಹೋಗಲಿ ಅಂತ ಹನ್ನೊಂದು ಕಾಯಿ ಹರಕೆ ಹೊತ್ತವಳನ್ನೇ, ಇನ್ನಷ್ಟು ಕೊಯ್ಯಲೇ ಅಂತ ಕೇಳುತ್ತಿದ್ದಾರೆ. ಮತ್ತೊಮ್ಮೆ ಆಲಿಕೆ ಇಟ್ಟೆ. 'ಬಂತು, ಬಂತು, ಹೊಟ್ಟೆ ಬಂತು! ನಡೀರಿ ಇನ್ನು.'

"ಕೊಯ್ಯಿರಿ ಡಾಕ್ಟ್ರೇ. ಬೇಗ," ಅಂದೆ.

ಅವರು ಕೊಯ್ದರು. ಮತ್ತೆ ಕೇಳಿದೆ. ಹಿಡಿದ ಕೈಗಳ ಬೇಜಾರಿನ ಮಾತು ಬಿಟ್ಟು ಬೇರೇನೂ ಇರಲಿಲ್ಲ. ಸ್ಟೀಲು ಟ್ರೇಯಲ್ಲಿ ಬಿದ್ದ ಚೂರಿನೊಳಗೆ ಆ ಮೂವರು ಇನ್ನೂ ಕಿತ್ತಾಡುತ್ತಿದ್ದರು. ದಾರಿ ಎಲ್ಲಿ ಹೋಯ್ತು ಅಂತ ಒಬ್ಬನನ್ನೊಬ್ಬ ಬೈಯುತ್ತಿದ್ದರು. ಅವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ, ಎಲ್ಲಿಗೆ ಹೊರಟಿದ್ದೇವೆ ಅನ್ನುವುದೂ ಗೊತ್ತಿರಲಿಲ್ಲ. ಮನೆಗೆ ಬಂದವರನ್ನು ನಾವು ಹೋಗಿ ಬನ್ನಿ ಅಂತ ಕಳಿಸುತ್ತೇವೆ. ನಾನು ಟ್ರೇಯ ಮೇಲೆ ಬಗ್ಗಿ, "ಹೋಗಿ," ಅಂದೆ. ಅಷ್ಟಕ್ಕೇ ನಿಲ್ಲಿಸಿದೆ.

ಎಂಟು ದಿನದ ಮೇಲೆ ಪೂರ್ತಿ ವರದಿ ಬಂತು. ಎರಡನೆಯ ಚೂರಿನಲ್ಲಿ, ನರದ ಹೊದಿಕೆಯ ಪಕ್ಕ, ಕೋಶಗಳು ಸಿಕ್ಕಿದ್ದವು. ಮೂರಲ್ಲ, ನಾಲ್ಕು. ಒಬ್ಬ ಬಾಯಿ ಬಿಟ್ಟಿರಲೇ ಇಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಊಟ ಸೇರುವುದಿಲ್ಲ.

ಆಮೇಲಿನದ್ದು ಕಷ್ಟದ ದಿನಗಳು. ಮೂಗಿನ ನಳಿಗೆಯಲ್ಲಿ ಗಂಜಿ. ದೊಡ್ಡ ಊರಿಗೆ ಹೋಗಿ ಮೂವತ್ತು ದಿನ ರೇಡಿಯೇಷನ್ನಿನ ಕರೆಂಟು ಕೊಡಿಸುವುದು. ಬಾಯೆಲ್ಲ ಬೊಬ್ಬೆ, ಉಪ್ಪಿಲ್ಲದ ಸಾರು ಕೂಡ ಬೆಂಕಿ. ನಾನು ಜೊತೆಗಿದ್ದೆ. ಅವಳು ಸ್ಲೇಟಿನ ಮೇಲೆ ಬರೆಯುತ್ತಿದ್ದಳು, ನಾನು ಓದುತ್ತಿದ್ದೆ. ಬರೆಯುತ್ತಿದ್ದದ್ದು ಬಹುಪಾಲು ಬೈಗುಳ, ಕಾಗುಣಿತ ತಪ್ಪು ಬೇರೆ. ಒಂದು ಮಧ್ಯಾಹ್ನ 'ವಡೆ ವಿಷಯ ತಪ್ಪಾಯ್ತು' ಅಂತ ಬರೆದು, ನಾನು ಓದಿ ಮುಗಿಸುವ ಮೊದಲೇ ಸೆರಗಿನಿಂದ ಒರೆಸಿಬಿಟ್ಟಳು. ನಾನು ಓದಿಲ್ಲ ಅಂತ ನಟಿಸಿದೆ. ಅಲ್ಲಿನ ಜನರ ಮೈಗಳು ಮಾತಾಡುವುದಿಲ್ಲ, ನಮ್ಮಿಬ್ಬರ ಹೊಟ್ಟೆ ಮಾತ್ರ ವಾರ್ಡಿನಲ್ಲಿ ಗಟ್ಟಿಯಾಗಿ ಊರಿಗೆ ಹೋಗೋಣ, ಊರಿಗೆ ಹೋಗೋಣ ಅನ್ನುತ್ತಿದ್ದವು, ನನ್ನದರ ಮಾತನ್ನು ಅವಳೇ ಸ್ಲೇಟಿನಲ್ಲಿ ಬರೆದು ತೋರಿಸಿದಳು.

ಐದು ತಿಂಗಳ ಮೇಲೆ ಅವಳು ಮಂಡಿಯ ಕಟ್ಟೆ ಹತ್ತಿದಳು. ಹತ್ತಬೇಡ ಅಂತ ನಾನು ಹೇಳಿದ್ದೆ. ಐರಿನ್ ಕಲಿಸಿದ ಕಸರತ್ತನ್ನೆಲ್ಲ ಕನ್ನಡಿಯ ಮುಂದೆ ಮಾಡಿಕೊಂಡಿದ್ದಳು, ಆದರೂ ನಾಲಿಗೆಯ ತುದಿ ಮೇಲಕ್ಕೆ ತಾಗುವ ಯಾವ ಅಕ್ಷರವೂ ಹೊರಡುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಲೆಕ್ಕ ಹೇಳುವುದೆಲ್ಲ ನಾಲಿಗೆಯ ತುದಿಯಲ್ಲೇ. ಎರಡು, ಮೂರು, ಆರು, ಏಳು, ನೂರು. ಅವಳ ಬಾಯಲ್ಲಿ ಎಲ್ಲವೂ ಒಂದೇ ಗಂಜಿಯಾಗಿತ್ತು. ಮೊದಲ ರಾಶಿ ಬದನೆಕಾಯಿ. ಅವಳು ಕೂಗಿದಳು. ಯಾರಿಗೂ ತಿಳಿಯಲಿಲ್ಲ. ಮತ್ತೆ ಕೂಗಿದಳು. ವ್ಯಾಪಾರಿಗಳು ತಲೆ ತಗ್ಗಿಸಿಕೊಂಡು ಚಪ್ಪಲಿ ನೋಡುತ್ತ ನಿಂತರು. ಆ ಕನಿಕರ ಅವಳನ್ನು ಕರೆಂಟಿಗಿಂತ ಹೆಚ್ಚು ಸುಟ್ಟಿರಬೇಕು. ಮುಂದಿನ ಸಾಲಿನಲ್ಲಿದ್ದ ಹೊಸ ದಲ್ಲಾಳಿಯ ಹೆಸರು ಬಾಳೇಶ. ಅವನು, "ಅಮ್ಮ ಆರು ಅಂದ್ರು, ನನಗೆ ಆರಕ್ಕೇ ಆಯ್ತು," ಅಂತ ಮೂಟೆಗೆ ಕೈ ಹಾಕಿದ. ಅವಳು ಅಂದದ್ದು ಹದಿನಾರು. ಅದು ಅವನಿಗೂ ಗೊತ್ತಿತ್ತು.

ಚೆಲುವಕ್ಕ ಕ್ರೇಟಿನಿಂದ ಇಳಿದಳು. ಒಂದು ಬದನೆಕಾಯಿ ಎತ್ತಿಕೊಂಡಳು, ಅವನ ಎದೆಗೆ ಸರಿಯಾಗಿ ಎಸೆದಳು. ಆಮೇಲೆ ಅವಳ ಬಾಯಿಂದ, ಐದು ತಿಂಗಳಲ್ಲಿ ಮೊದಲ ಸಲ, ಗಂಟೆ ಬಾರಿಸಿದ ಹಾಗೆ ಸ್ವಚ್ಛವಾಗಿ ಹೊರಬಂತು:

"ಬೇಕೂಫ! ಮಂಗ! ಕಮಂಗಿ!"

ಒಂದು ಕ್ಷಣ ಅವಳೇ ಬೆರಗಾಗಿ ನಿಂತಳು. ಬಾಯಿ ಮುಟ್ಟಿ ನೋಡಿಕೊಂಡಳು. ತುಟಿಯಲ್ಲೂ ಗಂಟಲಲ್ಲೂ ಹೊರಡುವ ಅಕ್ಷರಗಳಿಗೆ ನಾಲಿಗೆಯ ತುದಿಯ ಹಂಗೇ ಇಲ್ಲ. ದೇವರು ಲೆಕ್ಕವನ್ನು ಕಿತ್ತುಕೊಂಡು ಬೈಗುಳವನ್ನು ಬಿಟ್ಟಿದ್ದ. "ಬೆಪ್ಪ! ಕಮಂಗಿ!" ಅಂದಳು ಇನ್ನೊಮ್ಮೆ, ರುಚಿ ನೋಡುವವಳ ಹಾಗೆ. ಮಂಡಿಯವರು ತಲೆಯೆತ್ತಿದರು. ಯಾರೋ ಶಿಳ್ಳೆ ಹೊಡೆದರು. ಬಾಳೇಶ ಮೂಟೆಯಿಂದ ಕೈ ತೆಗೆದ. ಚೆಲುವಕ್ಕ ಮತ್ತೆ ಕ್ರೇಟು ಹತ್ತಿ, ಹತ್ತು ಬೆರಳನ್ನೂ ಒಮ್ಮೆ ಬಿಚ್ಚಿ ಮಡಿಸಿ, ಆರು ಬೆರಳು ತೋರಿಸಿದಳು. ಹಿಂದಿನಿಂದ ಒಬ್ಬರು ಹದಿನೇಳು ಅಂದರು. ಅವಳು ಕಡಿಮೆ ಕೂಗಿದವರನ್ನೆಲ್ಲ ಬೆರಳಿನಿಂದ ಗುರಿಯಿಟ್ಟು ಒಬ್ಬೊಬ್ಬರಿಗೂ ಒಂದೊಂದು ಬೈಗುಳ ಹಂಚುತ್ತ ಹೋದಳು. ಬದನೆಕಾಯಿ ಹತ್ತೊಂಬತ್ತಕ್ಕೆ ಹೋಯಿತು.

ಈಗ ಮೂರು ವರ್ಷವಾಯಿತು. ಐದು ದಾಟಲಿ, ಆಮೇಲೆ ಭಯವಿಲ್ಲ ಅನ್ನುತ್ತಾರೆ ಐರಿನ್. ಪ್ರತಿ ಸೋಮವಾರ ಹರಾಜು ಮುಗಿಯುವ ಹೊತ್ತಿಗೆ ಆಲಿಕೆ ತಗೊಂಡು ಮಂಡಿಗೆ ಹೋಗುತ್ತೇನೆ. ಉಳಿದ ನಾಲಿಗೆಯ ಗುಂಟ ಒಂದು ಕಡೆಯಿಂದ ಇನ್ನೊಂದು ಕಡೆಗೆ, ಬಾಯಿ ಬಿಡದೆ ಕೂತವರಿಗಾಗಿ ಎರಡೆರಡು ಸಲ ಕೇಳುತ್ತೇನೆ. ಅದು ಮುಗಿಯುವ ತನಕ ಅವಳು ನನ್ನ ಮೊಣಕೈ ಹಿಡಿದುಕೊಂಡಿರುತ್ತಾಳೆ.

ಇಂದ್ರಾಣಿ ಅನ್ನುವ ನನ್ನ ಹೆಸರು ಅವಳ ಬಾಯಲ್ಲಿ ಹೊರಡುವುದಿಲ್ಲ. ಮೊದಲಿನ ಇ ಒಂದನ್ನು ಬಿಟ್ಟರೆ ಎಲ್ಲ ಅಕ್ಷರವೂ ನಾಲಿಗೆಯ ತುದಿಯವೇ, ನನ್ನಪ್ಪ ಯೋಚನೆ ಮಾಡದೆ ಇಟ್ಟ. ಒಂದಷ್ಟು ದಿನ ಒದ್ದಾಡಿ ನೋಡಿದಳು, ಆಮೇಲೆ ಬಿಟ್ಟಳು. ಮೊನ್ನೆ ಸೋಮವಾರ ನಾನು ಮಂಡಿಯ ಬಾಗಿಲಿಗೆ ಬರುವಾಗ ಸ್ವಲ್ಪ ತಡವಾಗಿತ್ತು. ಕೋಸಿನ ರಾಶಿಗಳ ಆಚೆಯಿಂದ, ಇಡೀ ಮಂಡಿಗೆ ಕೇಳುವ ಹಾಗೆ, ಒಂದಕ್ಷರವೂ ತಪ್ಪದೆ ಕೂಗಿದಳು:

"ಕಮಂಗೀ! ಬಾ ಬೇಗ!"

ಓ ಅಂದೆ. ಓಡಿದೆ.